ಪಕ್ಕದ ಸೀಟಿನ ಬ್ರೇಕು

ಡಿಸೆಂಬರ್ 16, ಮಂಗಳವಾರ

ಬೆಳಿಗ್ಗೆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ, ಅದು ತುಂಡಾಗಿ ಲೋಟದೊಳಗೆ ಬೀಳುವ ಮೊದಲು ಬಾಯಿಗೆ ಸೇರಿಸುವ ಗಂಭೀರ ಕೆಲಸದಲ್ಲಿ ನಾನು ತೊಡಗಿದ್ದಾಗ ಸೊಸೆ ಎದುರಿಗೆ ಬಂದು ಕೂತಳು. ಕ್ರಿಸ್‌ಮಸ್‌ಗೆ ತನ್ನ ಅಮ್ಮನ ಮನೆಗೆ ಹೋಗುವುದು ನಿಶ್ಚಯವಾಯಿತು ಎಂದಳು. ಬಹಳ ಸಂತೋಷ ಎಂದೆ. ಹೋದವರು ಅಲ್ಲೇ ಇದ್ದುಬಿಡುತ್ತೇವೆ, ಅಲ್ಲೊಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಹೊಸ ವರ್ಷಕ್ಕೆ ಸೇರಬೇಕು, ಮಗುವಿಗೆ ಸ್ಕೂಲೂ ಹತ್ತಿರ ಎಂದಳು. ಬ್ರೆಡ್ಡು ತುಂಡಾಗಿ ಒಳಗೆ ಬಿತ್ತು.

ಈ ಮನೆಯ ಜನಗಣತಿ ಹೀಗಿದೆ. ಒಂದು, ನಾನು: ಡ್ರೈವಿಂಗ್ ಸ್ಕೂಲೊಂದರ ಮಾಲೀಕ, ಮೇಷ್ಟ್ರು, ಗುಮಾಸ್ತ ಹಾಗೂ ಕಾರು ತೊಳೆಯುವವನು. ಎರಡು, ಸೊಸೆ: ಕನ್ನಡಕದ ಗಾಜು ಉಜ್ಜಿ ಅಳತೆಗೆ ತರುವವಳು. ಮೂರು, ಮೊಮ್ಮಗಳು: ವಯಸ್ಸು ಆರು, ಲೈಸೆನ್ಸ್ ಕೊಡುವ ಅಧಿಕಾರಿಗಳಂತೆ ಹುಬ್ಬು ಗಂಟಿಕ್ಕಿ ಪ್ರಶ್ನೆ ಕೇಳುವುದರಿಂದ ಇನ್ಸ್‌ಪೆಕ್ಟರು ಎಂದು ನಾನೇ ದಯಪಾಲಿಸಿದ ಪದವಿ. ನಾಲ್ಕನೆಯವನು ನನ್ನ ಮಗ. ಏಪ್ರಿಲ್‌ನಲ್ಲಿ ಜ್ವರ ಬಂದು ತೀರಿಕೊಂಡ. ಅವನ ವಿಷಯ ಈ ಪುಸ್ತಕದಲ್ಲಿ ಬರೆಯತಕ್ಕದ್ದಲ್ಲ ಎಂದು ಸಮಿತಿ ತೀರ್ಮಾನಿಸಿದೆ. ಸಮಿತಿಯಲ್ಲಿರುವವನು ನಾನೊಬ್ಬನೇ ಆದ್ದರಿಂದ ತೀರ್ಮಾನ ಸರ್ವಾನುಮತದ್ದು.

ಇವರಿಬ್ಬರೂ ಹೋದರೆ ಇಲ್ಲಿ ಉಳಿಯುವುದು ನಾನು ಮತ್ತು ಫ್ರಿಜ್ಜಿನ ಗೊರಗೊರ. ಹೋಗಬೇಡ ಎಂದು ಹೇಳಬಹುದಿತ್ತು. ಹಾಗೆ ಹೇಳುವುದು ನನ್ನ ಜಾಯಮಾನವಲ್ಲ. ಬದಲಿಗೆ ಲೋಟದ ತಳದಿಂದ ಚಮಚದಲ್ಲಿ ಬ್ರೆಡ್ಡು ಎತ್ತುತ್ತಾ ಒಂದು ಭಾರಿ ಉದಾರತೆ ತೋರಿಸಿದೆ. ಮೂಟೆ ಕಟ್ಟಿಕೊಂಡು ಬಸ್ಸಿನಲ್ಲಿ ಏಕೆ, ನಮ್ಮ ಕಾರಿನಲ್ಲೇ ಹೋಗೋಣ, ನೀನೇ ಓಡಿಸು, ನಾನು ಪಕ್ಕದಲ್ಲಿರುತ್ತೇನೆ ಎಂದೆ. ಅವಳಿಗೆ ಹೋದ ತಿಂಗಳಷ್ಟೇ ಲೈಸೆನ್ಸ್ ಬಂದಿದೆ. ಕಲಿಸಿದ ಮಹಾನುಭಾವ ನಾನೇ. ಪೇಟೆ ಬಿಟ್ಟು ಆಚೆ ಓಡಿಸಿದವಳಲ್ಲ. ಇದೋ ದಿನಗಟ್ಟಲೆಯ ದಾರಿ, ನಡುವೆ ಒಂದು ಘಾಟಿ. ಅವಳ ಕಣ್ಣು ತುಂಬಿತು. "ನೀವೂ ಬರ್ತೀರಲ್ಲ ಮಾವ, ನಂಗೆ ಅಷ್ಟು ಸಾಕು" ಎಂದಳು.

ನನ್ನ ಲೆಕ್ಕಾಚಾರ ಇಷ್ಟೇ. ಎರಡನೇ ದಿನದ ಹೊತ್ತಿಗೆ ಲಾರಿಗಳನ್ನು ನೋಡಿ ಎದೆ ಒಡೆದು, ಸ್ಟಿಯರಿಂಗ್ ಬಿಟ್ಟು, ವಾಪಸ್ ಹೋಗೋಣ ಮಾವ ಎನ್ನುತ್ತಾಳೆ. ಒಂದು ಕಾರನ್ನು ದಡ ಸೇರಿಸಲಾಗದವಳು ಒಂಟಿಯಾಗಿ ಬದುಕು ಹೂಡುವುದು ಹೇಗೆಂದು ತಾನೇ ಯೋಚಿಸುತ್ತಾಳೆ. ನಾನು ಏನೂ ಮಾಡಬೇಕಿಲ್ಲ. ಎಲ್ಲವನ್ನೂ ರಸ್ತೆಯೇ ಮಾಡುತ್ತದೆ.

ಡಿಸೆಂಬರ್ 19, ಶುಕ್ರವಾರ

ಮೊದಲ ದಿನದ ಪಯಣ ಮುಗಿಯಿತು. ಹೆದ್ದಾರಿ ಪಕ್ಕದ ವಸತಿಗೃಹ. ಮಂಚ ಕುಂಟು, ಕನ್ನಡಿಯಲ್ಲಿ ನನ್ನ ಮುಖ ನಿಜಕ್ಕಿಂತ ಅಗಲ.

ನಮ್ಮ ವಾಹನವನ್ನು ವರ್ಣಿಸುವುದು ನನ್ನ ಕರ್ತವ್ಯ. ನೆತ್ತಿಯ ಮೇಲೆ 'ಕಲಿಯುವವರಿದ್ದಾರೆ, ದೂರವಿರಿ' ಎಂಬ ಹಲಗೆ. ಅದನ್ನು ಓದಿದವರು ನಿಜವಾಗಿಯೂ ದೂರವಿರುವುದರಿಂದ ರಾಷ್ಟ್ರಾಧ್ಯಕ್ಷರಿಗೂ ಇಲ್ಲದ ಖಾಲಿ ರಸ್ತೆ ನಮಗೆ. ಒಳಗೆ ಎರಡು ಜೊತೆ ಪೆಡಲ್ಲು. ಓಡಿಸುವವರ ಕಾಲ ಕೆಳಗೆ ಒಂದು ಜೊತೆ. ಪಕ್ಕದ ಸೀಟಿನಲ್ಲಿ, ಅಂದರೆ ಮೇಷ್ಟ್ರ ಸಿಂಹಾಸನದಲ್ಲಿ, ಒಂದು ಕ್ಲಚ್ಚು, ಒಂದು ಬ್ರೇಕು; ಇಲ್ಲಿ ಒತ್ತಿದರೆ ಅಲ್ಲಿಯದೂ ಇಳಿಯುತ್ತದೆ, ಅಲ್ಲಿ ಒತ್ತಿದರೆ ಇಲ್ಲಿಯದೂ. ಶಿಷ್ಯರು ಗೋಡೆಯ ಕಡೆ ಹೊರಟಾಗ ನಾನು ಇಲ್ಲಿಂದಲೇ ಒತ್ತಿ ಗೋಡೆಯನ್ನು ಕಾಪಾಡುತ್ತೇನೆ. ಮೂವತ್ತು ವರ್ಷ ಈ ಸೀಟಿನಲ್ಲಿ ಕೂತು ನಾನು ಊರೆಲ್ಲ ತಿರುಗಿದ್ದೇನೆ, ಪಾಠದ ಹೊತ್ತಿನಲ್ಲಿ ಒಮ್ಮೆಯೂ ಓಡಿಸದೆ.

ಈಗ ದುಃಖದ ಸಮಾಚಾರ. ಶಿಷ್ಯೆ ಚೆನ್ನಾಗಿ ಓಡಿಸುತ್ತಾಳೆ. ಬೆಳಿಗ್ಗೆ ಸ್ವಲ್ಪ ಬೆರಳು ಬಿಗಿದಿದ್ದವು. ಮಧ್ಯಾಹ್ನದ ಹೊತ್ತಿಗೆ ಸ್ಟಿಯರಿಂಗನ್ನು ಗಾಜಿನ ಬಿಲ್ಲೆ ಹಿಡಿದ ಹಾಗೆ ಹಗುರವಾಗಿ ಹಿಡಿದಳು. ಕಲ್ಲು ಸಾಗಿಸುವ ಲಾರಿಯೊಂದನ್ನು ಹಿಂದೆ ಹಾಕುವಾಗ ಕನ್ನಡಿ ನೋಡಿ, ಸೂಚನೆ ಕೊಟ್ಟು, ಗೇರು ಇಳಿಸಿ, ಒಂದೇ ಹದದಲ್ಲಿ ದಾಟಿಬಿಟ್ಟಳು. ಇವಳಿಗೆ ಇದನ್ನೆಲ್ಲ ಕಲಿಸಿದವನಿಗೆ ಶಾಪ ಹಾಕಬೇಕೆನಿಸಿತು.

ಇನ್ಸ್‌ಪೆಕ್ಟರು ಒಮ್ಮೆ ವಾಂತಿ ಮಾಡಿಕೊಂಡರು. ತಪಾಸಣೆ ಮುಂದುವರಿಸಿ, ಅಜ್ಜಿ ಮನೆಗೆ ಇನ್ನೆಷ್ಟು ದೂರ, ಲಾರಿಗೆ ಎಷ್ಟು ಚಕ್ರ, ತಾತನಿಗೆ ಯಾಕೆ ಮಾತಿಲ್ಲ ಎಂದು ವಿಚಾರಿಸಿದರು. ಕೊನೆಯ ಪ್ರಶ್ನೆಯನ್ನು ಬಿಟ್ಟು ಉಳಿದವಕ್ಕೆ ಉತ್ತರಿಸಿದೆ.

ಡಿಸೆಂಬರ್ 20, ಶನಿವಾರ

ರಸ್ತೆ ತಾನಾಗಿ ಏನೂ ಮಾಡುವಂತೆ ಕಾಣಲಿಲ್ಲ. ರಸ್ತೆಗೆ ಸ್ವಲ್ಪ ಸಹಾಯ ಮಾಡಬೇಕಾಯಿತು.

ನಮ್ಮ ಕಸುಬಿನಲ್ಲಿ 'ಮೆತ್ತನೆ ಕಾಲು' ಎಂಬ ವಿದ್ಯೆಯೊಂದಿದೆ. ಶಿಷ್ಯ ಬೇಗ ಕಲಿತುಬಿಟ್ಟರೆ ಮೇಷ್ಟ್ರಿಗೆ ನಷ್ಟ. ಆದ್ದರಿಂದ ಅವನು ಕ್ಲಚ್ಚು ಬಿಟ್ಟು ಕಾರನ್ನು ಹೊರಡಿಸುವ ಗಳಿಗೆಯಲ್ಲಿ ಮೇಷ್ಟ್ರು ಪಕ್ಕದ ಬ್ರೇಕಿನ ಮೇಲೆ ಬೂಟಿನ ತುದಿಯನ್ನು ಹೀಗೆ, ನೊಣ ಕೂತಷ್ಟು ಮೆತ್ತಗೆ ಇಡುತ್ತಾನೆ. ಕಾರು ಒಮ್ಮೆ ಅದುರಿ ನಿಂತುಹೋಗುತ್ತದೆ. ಶಿಷ್ಯನ ಬಲಗಾಲು ಆಗ ಆಕ್ಸಿಲರೇಟರ್ ಮೇಲಿರುವುದರಿಂದ ಅವನಿಗೆ ಏನೂ ತಿಳಿಯುವುದಿಲ್ಲ. ತಪ್ಪು ತನ್ನದೇ ಎಂದುಕೊಂಡು ಇನ್ನಷ್ಟು ಪಾಠಕ್ಕೆ ಸೇರಿಕೊಳ್ಳುತ್ತಾನೆ. ನಮ್ಮ ಎದುರು ಬೀದಿಯ ಸ್ಕೂಲಿನವನು ಇದರಲ್ಲಿ ಪಂಡಿತ. ನಾನು ಎಂದೂ ಮಾಡಿದವನಲ್ಲ, ಅದು ನನ್ನ ಒಣ ಜಂಭ. ಇಂದು ಮಾಡಿದೆ. ವಿದ್ಯೆ ಕೈಹತ್ತಲಿಲ್ಲ ಎನ್ನುವಂತಿಲ್ಲ. ಕಾಲು ತಾನಾಗಿ ಬಲ್ಲದು.

ಟೋಲ್ ಗೇಟಿನಲ್ಲಿ ಕಾರು ಮೂರು ಸಲ ನಿಂತಿತು. ಹಿಂದೆ ಹಾರನ್ನುಗಳ ವಾದ್ಯಗೋಷ್ಠಿ. ಲಾರಿಯ ಚಾಲಕನೊಬ್ಬ ಕಿಟಕಿಯಿಂದ ತಲೆ ಹೊರಹಾಕಿ, ಹಲಗೆ ಓದಿ, ಕಲಿಯೋದು ಮುಗಿದ ಮೇಲೆ ಹೇಳಿ ಅಕ್ಕ, ಅಲ್ಲಿವರೆಗೆ ಒಂದು ನಿದ್ದೆ ಮಾಡ್ತೀನಿ ಎಂದ. ಸುತ್ತ ನಕ್ಕರು. ಶಿಷ್ಯೆಯ ಕಿವಿ ಕೆಂಪಾದವು. ಸಂಜೆ ಪೇಟೆಯೊಂದರ ಏರಿನಲ್ಲಿ ಮತ್ತೆ ಅದೇ ಆಯಿತು; ಟ್ರಾಫಿಕ್ಕಿನವನು ಬಂದು ಬಾನೆಟ್ ತಟ್ಟಿದ. ನಾನು ಮಹಾ ತಾಳ್ಮೆಯಿಂದ, ಪರವಾಗಿಲ್ಲಮ್ಮ, ಎಲ್ಲರಿಗೂ ಆಗುತ್ತದೆ, ಕೆಲವರಿಗೆ ಸ್ವಲ್ಪ ಜಾಸ್ತಿ ಎಂದೆ. ಈ 'ಕೆಲವರಿಗೆ' ಎಂಬ ಮಾತನ್ನು ನಾನು ಎಷ್ಟು ನಯವಾಗಿ ಹೇಳಿದೆನೆಂದರೆ ಅದು ಸೀದಾ ಎದೆಗೆ ಹೋಯಿತು. ನಿನ್ನೆ ಹೇಗೆ ಬಂತೋ ಮಾವ, ಇವತ್ತು ಕಾಲೇ ನನ್ನದಲ್ಲ ಅನ್ನಿಸುತ್ತಿದೆ ಎಂದಳು.

ಅಮ್ಮ ಫೇಲಾ ತಾತ ಎಂದು ಇನ್ಸ್‌ಪೆಕ್ಟರು ಕೇಳಿದರು. ಕಿಟಕಿಯಾಚೆಯ ದನಗಳನ್ನು ತೋರಿಸಿದೆ.

ರಾತ್ರಿ ಅವಳು ಊಟ ಮಾಡಲಿಲ್ಲ. ಕಾರ್ಯಕ್ರಮ ಯೋಜನೆಯಂತೆ ಸಾಗಿದೆ. ನಾಳೆ ಘಾಟಿ. ನನಗೆ ಚೆನ್ನಾಗಿ ನಿದ್ದೆ ಬರಬೇಕಿತ್ತು.

ಡಿಸೆಂಬರ್ 21, ಭಾನುವಾರ

ಎಲ್ಲರೂ ಬದುಕಿದ್ದೇವೆ. ಮಗುವಿನ ತುಟಿಗೆ ಹೊಲಿಗೆ ಹಾಕಿದ್ದಾರೆ. ಅದರ ಕೈಯೂ ಮುರಿದಿದೆ. ಇಂದು ಬರೆಯುವುದಿಲ್ಲ.

ಡಿಸೆಂಬರ್ 22, ಸೋಮವಾರ

ಘಾಟಿಯ ಮೇಲಿನ ಸಣ್ಣ ಆಸ್ಪತ್ರೆ. ಆರು ಮಂಚದ ಕೋಣೆ, ನಾವಷ್ಟೇ. ಕಿಟಕಿಯ ಹೊರಗೆ ಏನೂ ಕಾಣುವುದಿಲ್ಲ, ಹತ್ತಿ ತುರುಕಿದ ಹಾಗೆ ಮಂಜು.

ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಏರುದಾರಿ. ಮುಂದೆ ಕಟ್ಟಿಗೆ ಹೇರಿದ ಟ್ರ್ಯಾಕ್ಟರ್, ಆಮೆ ನಡಿಗೆ. ಅವಳು ಬಹಳ ಹೊತ್ತು ಅದರ ಹಿಂದೆಯೇ ಬಂದಳು, ದಾಟಲು ಧೈರ್ಯ ಬರದೆ. ನಾನೇ ಹೇಳಿದೆ, ದಾರಿ ಖಾಲಿ ಇದೆ, ದಾಟು. ದಾಟಲು ಹೊರಟಳು. ಕಾರು ಟ್ರ್ಯಾಕ್ಟರಿನ ಪಕ್ಕಕ್ಕೆ ಬಂದಾಗ ನಾನು ಕಾಲಿಟ್ಟೆ. ಒಂದಿಷ್ಟು ಹೆದರಲಿ ಎಂದು, ಅಷ್ಟೇ. ಕಾರಿನ ಓಟ ಉಡುಗಿತು. ತಿರುವಿನಿಂದ ಲಾರಿ ಬಂತು. ನಾನು ಕಾಲು ತೆಗೆದೆ. ತೆಗೆದದ್ದು ಸತ್ಯ. ಆದರೆ ಅಷ್ಟರಲ್ಲಿ ಅವಳು ಬೆದರಿ ಕಾರನ್ನು ಆಚೆ ಎಳೆದಿದ್ದಳು, ರಸ್ತೆಯಂಚಿನ ಕಲ್ಲುಕಟ್ಟೆಗೆ ಹೊಡೆಯಿತು. ಕಟ್ಟೆಯ ಆಚೆ ಏನಿದೆ ಎಂದು ನಾನು ನೋಡಲಿಲ್ಲ. ಟ್ರ್ಯಾಕ್ಟರಿನವನು ನೋಡಿ ಬಂದು ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಮಗು ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಮಲಗಿ ನಿದ್ದೆ ಹೋಗಿತ್ತು. ನನ್ನ ಸೀಟಿನ ಬೆನ್ನಿಗೇ ಬಂದು ಬಡಿದದ್ದು. ಅಳಲಿಲ್ಲ. ಬಾಯಿಂದ ರಕ್ತ ಸುರಿಯುತ್ತಾ ನನ್ನನ್ನೇ ನೋಡಿತು.

ಡಾಕ್ಟರು ಹೊಲಿಗೆ ಹಾಕುತ್ತಾ, ಯಾರು ಓಡಿಸ್ತಿದ್ದದ್ದು ಎಂದು ಕೇಳಿದರು.

"ನಾನು," ಎಂದಳು ಸೊಸೆ. "ತಪ್ಪೆಲ್ಲ ನಂದೇ."

ಡಾಕ್ಟರು ನನ್ನ ಕಡೆ ನೋಡಿದರು. ಮಂಜಿತ್ತು ಎಂದೆ. ಆಗ ಮಂಜಿರಲಿಲ್ಲ. ಮಂಜು ಬಂದದ್ದು ಆಮೇಲೆ.

ಈ ಹೊತ್ತು ಮಧ್ಯಾಹ್ನ ಅವಳು ಮಗುವಿನ ಮಂಚದ ಪಕ್ಕದಿಂದ ಎದ್ದು ಬಂದು, ಕಾರಿನ ಬೀಗದ ಕೈಯನ್ನು ನನ್ನ ಮುಂದಿನ ಸ್ಟೂಲಿನ ಮೇಲೆ ಇಟ್ಟಳು. ಎರಡು ಬೆರಳಿನಲ್ಲಿ, ಬಿಸಿ ಪಾತ್ರೆ ಇಟ್ಟ ಹಾಗೆ.

"ವಾಪಸ್ ಹೋಗೋಣ ಮಾವ. ನನ್ನ ಕೈಲಿ ಆಗಲ್ಲ. ಕಾರು ಮಾತ್ರ ಅಲ್ಲ, ಯಾವುದೂ ಆಗಲ್ಲ. ನಾನೊಬ್ಬಳೇ ಇದ್ರೆ ಈ ಮಗೂನ ಕೊಂದೇ ಬಿಡ್ತೀನಿ."

ನಾನು ನಿರೀಕ್ಷಿಸಿದ್ದ ಮಾತು ಇದೇ. ಒಂದೆರಡು ಪದ ಹೆಚ್ಚಿಗೆ ಇದ್ದವು, ಅಷ್ಟೇ. ಸಮಿತಿ ಗೆದ್ದಿದೆ. ಅವಳು ಅಮ್ಮನಿಗೆ ಫೋನ್ ಮಾಡಿ, ಬರುವುದಿಲ್ಲ, ಕೆಲಸವೂ ಬೇಡ, ಅಂಗಡಿಯವರಿಗೆ ಹೇಳಿಬಿಡು ಎಂದಳು. ಆಚೆಯಿಂದ ಬೀಗಿತ್ತಿಯ ದನಿ ಕೋಣೆಯ ಈ ತುದಿಗೂ ಕೇಳುತ್ತಿತ್ತು. ಸೊಸೆ ಫೋನನ್ನು ಕಿವಿಯಿಂದ ದೂರ ಹಿಡಿದುಕೊಂಡು ಗೋಡೆ ನೋಡುತ್ತಾ ನಿಂತಿದ್ದಳು.

ನರ್ಸು ನನಗೂ ಒಂದು ತಟ್ಟೆ ಊಟ ಕೊಟ್ಟಳು. ಹಾಗೇ ಮುಚ್ಚಿಟ್ಟೆ. ಎತ್ತರದ ಜಾಗದಲ್ಲಿ ಹಸಿವಾಗುವುದಿಲ್ಲವಂತೆ.

ಡಿಸೆಂಬರ್ 23, ಮಂಗಳವಾರ

ಮೆಕ್ಯಾನಿಕ್ ಬಂಪರನ್ನು ತಂತಿಯಲ್ಲಿ ಬಿಗಿದು, ಒಡೆದ ದೀಪ ಬದಲಿಸಿ ಕೊಟ್ಟ. ಎಂಜಿನ್ ಗಟ್ಟಿ, ಬ್ರೇಕೂ ಚೊಕ್ಕ, ಏನಾಯ್ತು ಅಂತ ಗೊತ್ತಾಗ್ತಿಲ್ಲ ಯಜಮಾನ್ರೇ ಎಂದ. ಹೆಚ್ಚು ಮಾತಾಡುವ ಮೆಕ್ಯಾನಿಕ್ಕುಗಳು ನನಗಾಗುವುದಿಲ್ಲ.

ವಾಪಸು ಹೊರಟೆವು. ಮಗುವಿಗೆ ಹಿಂದಿನ ಸೀಟು ಪೂರ್ತಿ ಬೇಕು, ಪ್ಲಾಸ್ಟರ್ ಹಾಕಿದ ಕೈ ದಿಂಬಿನ ಮೇಲೆ. ಈ ಸಲ ಬೆಲ್ಟಿನಲ್ಲಿ ಸುತ್ತಿ ಕಟ್ಟಿದ್ದಳು. ಹಾಗಾಗಿ ನಾನು ಸ್ಟಿಯರಿಂಗಿಗೆ, ಸೊಸೆ ನನ್ನ ಪಕ್ಕಕ್ಕೆ. ಮೇಷ್ಟ್ರ ಸೀಟಿಗೆ. ಆಗ ನನಗೆ ಏನೂ ಹೊಳೆಯಲಿಲ್ಲ. ಓಡಿಸುವ ಸೀಟು ಬೇರೆಯವರ ಚಪ್ಪಲಿಯ ಹಾಗಿತ್ತು, ನನ್ನ ಗಮನವೆಲ್ಲ ಅದರಲ್ಲೇ.

ಇಳಿಜಾರಿನ ತಿರುವಿನಲ್ಲಿ ಎದುರಿಗೊಂದು ಲಾರಿ ಬಂದಾಗ ಅವಳು ಬೆದರಿ ಕಾಲೊತ್ತಿದಳು. ನನ್ನ ಬೂಟಿನ ಕೆಳಗೆ ಬ್ರೇಕು ತಾನಾಗಿ ಇಳಿಯಿತು. ಅಯ್ಯೋ, ಗೊತ್ತಾಗದೆ ಒತ್ತಿಬಿಟ್ಟೆ ಮಾವ ಎಂದಳು. ಪರವಾಗಿಲ್ಲ ಎಂದೆ.

ಸ್ವಲ್ಪ ದೂರ ಹೋದ ಮೇಲೆ ಕಾರು ಸಣ್ಣಗೆ ಅದುರಿತು. ರಸ್ತೆಯ ಗುಣ ಇರಬೇಕು ಎಂದುಕೊಂಡೆ. ಮತ್ತೆ ಅದುರಿತು. ಮೂರನೆಯ ಸಲ ಪಕ್ಕಕ್ಕೆ ತಿರುಗಿ ನೋಡಿದೆ. ಅವಳು ಚಪ್ಪಲಿ ಬಿಚ್ಚಿದ್ದಳು. ಬರಿಗಾಲಿನ ಬೆರಳುಗಳನ್ನು ಆ ಬ್ರೇಕಿನ ಮೇಲೆ ಇಟ್ಟು, ಎತ್ತಿ, ಮತ್ತೆ ಇಟ್ಟು ನೋಡುತ್ತಿದ್ದಳು. ಗಾಜಿನ ಅಂಚು ಸರಿಯಾಯಿತೇ ಎಂದು ಬೆರಳಾಡಿಸಿ ನೋಡುವ ಹಾಗೆ, ಯಾವ ಆತುರವೂ ಇಲ್ಲದೆ.

ಘಾಟಿಯ ಬುಡದಲ್ಲಿ ಪೆಟ್ರೋಲ್ ಬಂಕು. ಪೆಟ್ರೋಲು ಹಾಕಿಸಿ ರಸ್ತೆಗೆ ಏರುವಲ್ಲಿ ಒಂದು ದಿಣ್ಣೆ. ಕ್ಲಚ್ಚು ಬಿಟ್ಟೆ. ಕಾರು ನಡುಗಿ ನಿಂತಿತು. ಮತ್ತೆ ಹೊರಡಿಸಿದೆ. ಮತ್ತೆ ನಿಂತಿತು. ಹಿಂದಿನವನು ಹಾರನ್ ಹೊಡೆದ. ಅವಳು ರಸ್ತೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ನಂಗೂ ಹಿಂಗೇ ಆಗ್ತಿತ್ತು," ಎಂದಳು.

ಗಾಡಿ ಹಳೆಯದು ಎಂದೆ.

"ಟೋಲ್ ಗೇಟಲ್ಲಿ. ಆ ಏರಲ್ಲಿ. ಆಮೇಲೆ ಟ್ರ್ಯಾಕ್ಟರ್ ಪಕ್ಕ."

ಹಿಂದಿನವನು ಬೈದುಕೊಂಡು ನಮ್ಮನ್ನು ಬಳಸಿ ಹೋದ.

"ಮಗು ಹಿಂದೆ ಮಲಗಿತ್ತು. ನಿಮಗೆ ಗೊತ್ತಿತ್ತಲ್ವಾ ಮಾವ."

ನಾನು ಕೈಬ್ರೇಕು ಎಳೆದೆ.

"ಇಳೀರಿ," ಎಂದಳು.

ಇಳಿದೆ. ಅವಳು ಕಾರಿನ ಮುಂದಿನಿಂದ ಸುತ್ತಿ ಬಂದಳು. ನಾನು ಪಕ್ಕದ ಬಾಗಿಲಿಗೆ ಹೋದರೆ ನನ್ನ ಸೀಟಿನ ಮೇಲೆ ಅವಳ ಚೀಲವಿತ್ತು. ಹಿಂದೆ ಕೂತು ಮಗುವಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಿ ಎಂದಳು. ಹಾಗೇ ಮಾಡಿದೆ. ಅವಳು ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡಳು. ಆ ದಿಣ್ಣೆಯನ್ನು ಕಾರು ಒಂದೇ ಏಟಿಗೆ ಹತ್ತಿತು. ರಸ್ತೆಗೆ ಬಂದು, ನಾವು ಇಳಿದು ಬಂದ ಘಾಟಿಯ ಕಡೆಗೇ ತಿರುಗಿಸಿದಳು.

ಒಂದು ಮಾತು ಹೇಳಲು ಹೋದೆ.

"ಈಗ ಮಾತು ಬೇಡ ಮಾವ. ನಾನು ರಸ್ತೆ ನೋಡ್ಬೇಕು."

ಕಲ್ಲುಕಟ್ಟೆ ಬಂತು. ನಮ್ಮ ಕಾರಿನ ಬಣ್ಣ ಅದರ ಮೇಲೆ ಉದ್ದಕ್ಕೆ ಮೆತ್ತಿಕೊಂಡಿತ್ತು. ಅವಳು ವೇಗ ಕಡಿಮೆ ಮಾಡಲಿಲ್ಲ, ಹೆಚ್ಚೂ ಮಾಡಲಿಲ್ಲ. ಕಟ್ಟೆಯಾಚೆ ಏನಿದೆ ಎಂದು ಈ ಸಲ ನೋಡಿದೆ. ಕೆಳಗೆ ಬಹಳ ದೂರದಲ್ಲಿ ಒಂದು ತೊರೆ, ದಾರದಷ್ಟು ಸಣ್ಣಗೆ. ಮಗು ನಿದ್ದೆಯಲ್ಲಿ ನನ್ನ ಹೆಬ್ಬೆರಳು ಹಿಡಿದುಕೊಂಡಿತ್ತು.

ಡಿಸೆಂಬರ್ 24, ಬುಧವಾರ

ತಲುಪಿದೆವು. ಬೀಗಿತ್ತಿಯದು ಲಾಂಡ್ರಿ ಅಂಗಡಿ, ಮೇಲೆ ಮನೆ. ಮೆಟ್ಟಿಲು ಹತ್ತುವಾಗ ಹಬೆಯ ವಾಸನೆ, ಗಂಜಿಯ ವಾಸನೆ. ಜೀವಮಾನವಿಡೀ ಇಸ್ತ್ರಿ ಪೆಟ್ಟಿಗೆ ಎತ್ತಿದ ತೋಳು ಅವರದು. ಆ ತೋಳಿನಲ್ಲಿ ಮೊಮ್ಮಗಳನ್ನು ಎತ್ತಿಕೊಂಡು, ಹೊಲಿಗೆ ನೋಡಿ, ಪ್ಲಾಸ್ಟರ್ ನೋಡಿ, ಮಗಳಿಗೆ ಬೈದು, ನನಗೆ ಬೈದು, ಕಾಫಿ ಇಟ್ಟರು. ಕನ್ನಡಕದ ಅಂಗಡಿಯವರಿಗೆ ಹೇಳಿಲ್ಲ, ನಿನ್ನ ಬುದ್ಧಿ ನಂಗೊತ್ತಿಲ್ವಾ, ಅಳು ನಿಂತ ಮೇಲೆ ಬರ್ತೀಯ ಅಂತ ಸುಮ್ಮನಿದ್ದೆ ಎಂದರು. ಏನಾಯಿತು ಎಂದು ಕೇಳಿದರು.

"ಮಂಜಿತ್ತಮ್ಮ," ಎಂದಳು ಸೊಸೆ.

ನನ್ನ ಕಡೆ ನೋಡದೆ ಹೇಳಿದಳು.

ಕಾಫಿಯಾದ ಮೇಲೆ ಬೀಗಿತ್ತಿ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋದರು. ಬಟ್ಟೆ ಒಣಗಿಸುವ ಕೋಣೆಯ ಪಕ್ಕದಲ್ಲಿ ಸಣ್ಣದೊಂದು ಕೋಣೆ, ಹೊಸ ಸುಣ್ಣ. ಮಂಚ, ಮೇಜು, ಎತ್ತರ ನೋಡಿ ಹೊಡೆದ ಕೋಟಿನ ಗೂಟ. ಕಿಟಕಿಯಾಚೆ ಬಯಲು. ಯಾರ ಕೋಣೆ ಎಂದೆ.

"ನಿಮ್ದೇ ಬೀಗರೇ. ಈ ಊರಲ್ಲಿ ಡ್ರೈವಿಂಗ್ ಸ್ಕೂಲೇ ಇಲ್ಲ, ಆ ಮೈದಾನದಲ್ಲಿ ಮಾವ ಕಲಿಸ್ತಾರೆ ಅಂತ ಇವಳದೇ ಲೆಕ್ಕ. ಅಲ್ಲೇ ಕೇಳಿದ್ರೆ ಜಗಮೊಂಡ, ಒಪ್ಪಲ್ಲ. ರೂಮು ತೋರಿಸಿ ಹಬ್ಬದ ದಿನ ಕೇಳ್ತೀನಿ, ನೀನು ಬಾಯಿ ಬಿಡಬೇಡ ಅಂದಿದ್ಲು. ನನ್ನ ಬಾಯಿ ಎಲ್ಲಿ ನಿಲ್ಲುತ್ತೆ."

ಸೊಸೆ ಬಾಗಿಲಲ್ಲಿ ನಿಂತಿದ್ದಳು, ಮಗುವಿನ ದಿಂಬು ಹಿಡಿದುಕೊಂಡು.

"ಮಾವಂಗೆ ಅಲ್ಲಿ ಕ್ಲಾಸುಗಳಿವೆ ಅಮ್ಮ. ಹಬ್ಬ ಮುಗಿಸಿ ಹೊರಡ್ತಾರೆ. ಈ ರೂಮು ಮಗುಗೆ ಆಗುತ್ತೆ."

ಬೀಗಿತ್ತಿ ಅವಳ ಮುಖ ನೋಡಿದರು, ನನ್ನ ಮುಖ ನೋಡಿದರು. ಹೌದು, ಕ್ಲಾಸುಗಳಿವೆ ಎಂದೆ. ಡಿಸೆಂಬರಿನಲ್ಲಿ ಯಾರೂ ಡ್ರೈವಿಂಗ್ ಕಲಿಯುವುದಿಲ್ಲ. ಮಂಚದ ಮೇಲೆ ದಿಂಬು ಇಟ್ಟು, ಹೊದಿಕೆಯ ಸುಕ್ಕು ತೆಗೆದು ಅವಳು ಹೊರಟುಹೋದಳು. ನನ್ನ ಹಾಸಿಗೆ ಕೆಳಗೆ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಪಕ್ಕ. ಬೆಚ್ಚಗಿದೆ.

ಡಿಸೆಂಬರ್ 25, ಗುರುವಾರ

ಕ್ರಿಸ್‌ಮಸ್. ಚರ್ಚಿಗೆ ಹೋಗಿ ಬಂದೆವು. ಎಲ್ಲರೂ ಮಗುವಿನ ಪ್ಲಾಸ್ಟರಿನ ಮೇಲೆ ಹೆಸರು ಬರೆದರು. ಕೇಕು ಜಗಿಯಲು ತುಟಿ ಬಿಡದು. ಹಾಲಿನಲ್ಲಿ ನೆನೆಸಿ ಚಮಚದಲ್ಲಿ ತಿನ್ನಿಸಿದೆ. ಊಟದ ಮೇಜಿನಲ್ಲಿ ಬೀಗಿತ್ತಿ ನೆರೆಯವರಿಗೆ, ಘಾಟಿ ಹತ್ತಿಸಿ ಕಾರು ತಂದಿದ್ದಾಳೆ ನನ್ನ ಮಗಳು, ಕಲಿಸಿದ್ದು ಇವರೇ ಎಂದು ಹೇಳಿದರು. ನೆರೆಯವರು ನನ್ನ ಕೈ ಕುಲುಕಿದರು. ಸೊಸೆ ಎದ್ದು ನೀರು ತರಲು ಹೋದಳು.

ನನ್ನ ಮಗನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಡ್ರೈವಿಂಗ್ ಮೇಷ್ಟ್ರ ಮಗ! ಹದಿನೆಂಟು ತುಂಬಿದ ದಿನ ಅವನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿದೆ. ಅವನು ರಸ್ತೆ ಬಿಟ್ಟು ಉಳಿದದ್ದೆಲ್ಲ ನೋಡುತ್ತಿದ್ದ. ಅಗೋ ಅಪ್ಪ, ಆ ನಾಯಿ ನಿಮ್ಮ ಹಾಗೆ ಗಂಭೀರ. ಅಗೋ ಆ ಅಜ್ಜನ ಟೋಪಿ. ನಾನು ಕಿರುಚುತ್ತಿದ್ದೆ, ಅವನು ನಗುತ್ತಿದ್ದ. ಕೊನೆಗೆ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು, ನೀವಿದ್ದೀರಲ್ಲ, ನಾನ್ಯಾಕೆ ಕಲೀಬೇಕು ಎಂದ. ಮದುವೆಯ ದಿನವೂ ಪಕ್ಕದ ಸೀಟಿನಲ್ಲಿ ಕೂತು ಹೋದ. ಕೊನೆಯ ಸಲ ಆಸ್ಪತ್ರೆಗೆ ಕರೆದುಕೊಂಡು ಹೋದದ್ದೂ ನಾನೇ. ಜ್ವರದಲ್ಲಿ ಕೆಂಡದ ಹಾಗಿದ್ದ. ಆಗಲೂ ಕಿಟಕಿಯಾಚೆ ಯಾವುದೋ ಬೋರ್ಡು ತೋರಿಸಿ, ತಪ್ಪು ಬರೆದಿದ್ದಾರೆ ನೋಡಿ ಅಪ್ಪ ಎಂದು ನಕ್ಕ. ಯಾವ ಬೋರ್ಡೆಂದು ನಾನು ನೋಡಲಿಲ್ಲ. ಸಿಗ್ನಲ್ ದಾಟುವ ಅವಸರ. ಆಮೇಲೆ ಎಷ್ಟೋ ಸಲ ಆ ರಸ್ತೆಯಲ್ಲಿ ಹೋಗಿ ಹುಡುಕಿದ್ದೇನೆ. ಸೊಸೆಯೂ ಒಮ್ಮೆ ನನ್ನ ಜೊತೆ ಬಂದು ಹುಡುಕಿದಳು. ಅವಳಿಗೆ ನಾನು ಕಲಿಸಲು ಶುರುಮಾಡಿದ್ದು ಆ ಸಂಜೆ. ಸುಮ್ಮನೆ ಕೂತಿರುವ ಬದಲು ಸ್ಟಿಯರಿಂಗ್ ಹಿಡಿ ಎಂದಿದ್ದೆ. ಅವಳು ಹಿಡಿದಳು. ಇಬ್ಬರೂ ಖಾಲಿ ಮೈದಾನದಲ್ಲಿ ಕತ್ತಲಾಗುವವರೆಗೆ ಸುತ್ತಿದೆವು.

ಇಂದು ಬಹಳ ಬರೆದೆ.

ಡಿಸೆಂಬರ್ 26, ಶುಕ್ರವಾರ

ಬೆಳಿಗ್ಗೆ ಹೊರಟೆ. ಬೀಗಿತ್ತಿ ದಾರಿಗೆಂದು ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಟ್ಟು, ನನ್ನ ಅಂಗಿಗಳನ್ನೆಲ್ಲ ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಏನೂ ಕೇಳಲಿಲ್ಲ. ಕೇಳದೆ ಇರುವುದು ಅವರಿಗೆ ಎಷ್ಟು ಕಷ್ಟವಾಗಿರಬೇಕು. ಮಗು ಇನ್ನೂ ಮಲಗಿತ್ತು; ಎಬ್ಬಿಸಬೇಡಿ ಎಂದೆ. ಬಾಗಿಲಲ್ಲಿ ನಿಂತು ನೋಡಿದೆ. ತುಟಿಯ ಊತ ಇಳಿದಿದೆ.

ಸೊಸೆ ಕೆಳಗೆ ಕಾರಿನವರೆಗೆ ಬಂದಳು. ಮುಂದಿನ ಗಾಜಿನ ಮೇಲೆ ಮಂಜು ಕೂತಿತ್ತು. ಅಂಗಡಿಯಿಂದ ಹಳೆಯ ಬಟ್ಟೆ ತಂದು ಒರೆಸಿದಳು, ಅಂಚಿನಿಂದ ಅಂಚಿಗೆ, ಒಂದು ಗೆರೆಯೂ ಉಳಿಯದ ಹಾಗೆ. ಅವಳು ಒರೆಸಿ ಮುಗಿಸುವವರೆಗೆ ಕಾದು, ತಪ್ಪಾಯಿತು ಎಂದೆ. ಇನ್ನೂ ಏನೇನೋ ಹೇಳಬೇಕೆಂದು ನಿನ್ನೆಯಿಂದ ಜೋಡಿಸಿಟ್ಟಿದ್ದೆ, ಅಷ್ಟೇ ಬಂತು.

"ಹೂಂ," ಎಂದಳು. ಬಟ್ಟೆಯನ್ನು ಮಡಿಸಿದಳು. ಇನ್ನೊಮ್ಮೆ ಮಡಿಸಿದಳು.

ಮುಂದಿನ ಕ್ರಿಸ್‌ಮಸ್‌ಗೆ ಬರಬಹುದೇ ಎಂದು ಕೇಳಿದೆ. ಮೇಲೆ ಕಿಟಕಿ ತೆರೆದ ಸದ್ದಾಯಿತು, ಬೀಗಿತ್ತಿ ಕೆಮ್ಮಿದರು, ಕಿಟಕಿ ಮುಚ್ಚಿತು.

"ಬನ್ನಿ," ಎಂದಳು. ಆಮೇಲೆ ಕಾರನ್ನು ನೋಡಿದಳು. "ಬಸ್ಸಲ್ಲಿ ಬನ್ನಿ ಮಾವ."

ಒಳಗೆ ಹೋದಳು. ನಾನು ಹೊರಟೆ.

ದಾರಿಯಲ್ಲಿ ಸಿಕ್ಕ ಮೊದಲ ಊರಿನ ಬಸ್ ನಿಲ್ದಾಣದ ಮುಂದೆ ಕಾರು ನಿಲ್ಲಿಸಿ, ಸಾಲಿನಲ್ಲಿ ನಿಂತೆ. ನಮ್ಮ ಊರಿನಿಂದ ಬೀಗಿತ್ತಿಯ ಊರಿಗೆ ಬಸ್ಸು ಇದೆಯೇ, ಎಲ್ಲಿ ಬದಲಿಸಬೇಕು ಎಂದು ವಿಚಾರಿಸಿದೆ. ಗಾಜಿನ ಹಿಂದಿನವನು ಯಾವಾಗ ಪ್ರಯಾಣ ಎಂದು ಕೇಳಿದ. ಮುಂದಿನ ಕ್ರಿಸ್‌ಮಸ್‌ಗೆ ಎಂದೆ. ಅವನು ಪೆನ್ನು ಕೆಳಗಿಟ್ಟ. ಇನ್ನೂ ಒಂದು ವರ್ಷ ಇದೆಯಲ್ಲ ಸಾರ್ ಎಂದ. ಗೊತ್ತು ಎಂದೆ. ಸರಿ, ಸೀಟು ಎಲ್ಲಿ ಬೇಕು ಎಂದು ಕೇಳಿದ, ತಮಾಷೆಗೇ ಇರಬೇಕು.

ಡ್ರೈವರಿನಿಂದ ಎಷ್ಟು ದೂರ ಸಿಕ್ಕರೆ ಅಷ್ಟು ದೂರ, ಎಂದೆ.